ಸಮಯ ಪಾಲನೆಯ ಪಾಠಕ್ಕೆ ಅತ್ತವರು

ಹುಡುಗರು ಅತ್ತದ್ದು ತನ್ನ ಪಾಠಕ್ಕಲ್ಲ.

ಇಷ್ಟೇ ಮಾತು. ಬ್ಯಾಡಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ಹಣೆ ಆನಿಸಿ ಕೂತ ನಿರ್ಮಲಾ ಅದನ್ನು ತನ್ನೊಳಗೇ ಹೇಳಿಕೊಂಡಳು. ಮೋಟೆಬೆನ್ನೂರು ದಾಟುವತನಕ ಮತ್ತೆ ಮತ್ತೆ ಹೇಳಿಕೊಂಡಳು. ಒಳಗೆ ಸಲೀಸಾಗಿ ಬರುತ್ತಿತ್ತು. ತುಟಿಯ ಹತ್ತಿರ ಬಂದರೆ ಮಾತ್ರ ನಿಂತುಬಿಡುತ್ತಿತ್ತು. ದಿನಾ ದಿನಚರಿ ಬರೆಯುವ ಹುಡುಗಿ ಆಕೆ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಯಾರೋ ತನ್ನನ್ನು ನೋಡಿ ನಕ್ಕರೆ ಅದನ್ನೂ ಬಿಡದೆ ಬರೆಯುವವಳು, ಇದೊಂದನ್ನು ಅಲ್ಲಿಯೂ ಬರೆದಿರಲಿಲ್ಲ. ಬರೆದರೆ ನಾಳೆ ಯಾರಿಗಾದರೂ ಹೇಳಲೇಬೇಕಾದೀತು ಎಂಬ ಅಂಜಿಕೆ.

ನಿರ್ಮಲಾಳ ಊರು ಕರ್ಜಗಿ. ಹಾವೇರಿಯಲ್ಲಿ ಬಿ.ಎ., ಬಿ.ಎಡ್. ಮುಗಿಸಿ ಬ್ಯಾಡಗಿಯ ಒಂದು ಖಾಸಗಿ ಹೈಸ್ಕೂಲಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸಬರಿಗೆ ಸಿಗುವುದು ಹಳಬರಿಗೆ ಬೇಡವಾದದ್ದು. ಹಾಗೆ ಆಕೆಯ ಪಾಲಿಗೆ ಬಂದದ್ದು ಒಂಬತ್ತನೇ ಬಿ ವರ್ಗಕ್ಕೆ ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಮೌಲ್ಯ ಶಿಕ್ಷಣ.

"ಒಳ್ಳೆ ಗುಣ ಕಲಿಸೂದು," ಎಂದು ಹೆಡ್‌ಮಾಸ್ತರು ತೆಳ್ಳಗಿನ ಪುಸ್ತಕವೊಂದನ್ನು ಕೈಗಿಟ್ಟಿದ್ದರು. "ವಾರಕ್ಕೊಂದು ಗುಣ. ಪರೀಕ್ಷಾ ಇಲ್ಲ, ಮಾರ್ಕ್ಸ್ ಇಲ್ಲ. ನಿಮಗೇನ ತ್ರಾಸ ಇಲ್ಲ."

ತ್ರಾಸು ಇತ್ತು. ಶನಿವಾರದ ಕೊನೆಯ ಪಿರಿಯಡ್ ಎಂದರೆ ಹುಡುಗರ ಮೈ ಬೆಂಚಿನ ಮೇಲೆ, ಮನಸ್ಸು ಗೇಟಿನ ಆಚೆ. ಮೇಲಾಗಿ ನಿರ್ಮಲಾಳ ದನಿ ಮೂರನೇ ಬೆಂಚಿಗಿಂತ ಮುಂದೆ ಹೋಗುವ ದನಿಯಲ್ಲ. "ಜೋರ್ ಹೇಳ್ರಿ ಟೀಚರ್, ಹಿಂದ ಕೇಳೂದಿಲ್ಲ!" ಎಂದು ಮೊದಮೊದಲು ಹಿಂದಿನ ಬೆಂಚಿನವರು ಕೂಗುತ್ತಿದ್ದರು. ಆಕೆ ಜೋರು ಹೇಳಲಿಲ್ಲ, ಹೇಳಲು ಬರುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಹುಡುಗರೇ ತಮ್ಮ ಗದ್ದಲ ಕಡಿಮೆ ಮಾಡಿಕೊಂಡರು. ದೀಪಾವಳಿಯ ಹೊತ್ತಿಗೆ ಆ ಪಿರಿಯಡ್ಡಿನಲ್ಲಿ ಫ್ಯಾನು ತಿರುಗುವ ಸದ್ದು ಕೇಳಿಸತೊಡಗಿತು.

ಅವರನ್ನು ಹಿಡಿದಿಟ್ಟದ್ದು ಪುಸ್ತಕವಲ್ಲ. ಪುಸ್ತಕದಲ್ಲಿ ಸೋಮು ಎಂಬ ಬಾಲಕನಿದ್ದ. ಪ್ರತಿ ಪಾಠದಲ್ಲೂ ಅವನು ಒಂದು ತಪ್ಪು ಮಾಡುತ್ತಿದ್ದ, ಕೊನೆಯ ಸಾಲಿನಲ್ಲಿ ತಿದ್ದಿಕೊಳ್ಳುತ್ತಿದ್ದ. ಸೋಮುವನ್ನು ಬೇಗ ತಿದ್ದಿ ಮುಗಿಸಿ ನಿರ್ಮಲಾ ಪುಸ್ತಕ ಮುಚ್ಚಿಡುತ್ತಿದ್ದಳು. ಆಮೇಲೆ ಒಂದೇ ಪ್ರಶ್ನೆ: "ಈ ವಾರ ಯಾರರೆ ಏನರೆ ಚೊಲೊ ಕೆಲಸ ಮಾಡಿದ್ದು ಕಂಡೀರೇನು?"

ಮೊದಲು ಎದ್ದವನು ವಿಜಯಮಹಾಂತೇಶ. ವರ್ಗದಲ್ಲಿ ಅವನು ವಿಜ್ಯಾ. "ನಮ್ಮ ಕಾಕಾ ಈ ವಾರ ಕಾಕೂಗ ಒಮ್ಮೆನೂ ಬೈಲಿಲ್ಲರಿ."

"ಹೌದಾ? ಯಾಕಂತ?"

"ಕಾಕು ತವರಮನಿಗೆ ಹೋಗ್ಯಾಳ್ರಿ."

ವರ್ಗವೆಲ್ಲ ಬಿದ್ದು ಬಿದ್ದು ನಕ್ಕಿತು. ನಿರ್ಮಲಾ ಕೂಡ ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಟೀಚರ್ ನಗುತ್ತಾಳೆ ಎಂಬುದು ಹುಡುಗರಿಗೆ ಗೊತ್ತಾದದ್ದು ಅವತ್ತೇ.

ಇನ್ನೊಂದು ಶನಿವಾರ ಶಬನಮ್ ಎದ್ದಳು. ಆಕೆಯ ತಾಯಿ ಮುಮ್ತಾಜಬಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. "ಅಮ್ಮಿ ಬಾಜು ಕುಂದ್ರಾಕಿ ಕೂಸಿಗೆ ಜ್ವರ ಬಂದಿತ್ರಿ. ಆಕಿ ಕೂಸನ್ನ ಮಲಗಿಸ್ಕೋತ, ಏಳಿಸ್ಕೋತ, ಕೆಲಸ ಹಿಂದ ಬಿತ್ರಿ. ಸುತ್ತ ಕುಂತಾವ್ರೆಲ್ಲ ತಾವು ಬಿಡಿಸಿದ್ರಾಗ ಒಂದೊಂದು ಬೊಗಸಿ ಆಕಿ ರಾಶಿಗೆ ಹಾಕಿದ್ರು. ಯಾರೂ ಏನೂ ಅನ್ಲಿಲ್ಲ. ಆಕಿ ಕೂಸಿನ ಕಡಿಂದ ತಿರುಗಿ ನೋಡೂದ್ರಾಗ ರಾಶಿ ದೊಡ್ಡದಾಗಿತ್ರಿ."

ಯಾರೂ ನಗಲಿಲ್ಲ. ನಿರ್ಮಲಾ, "ಹೇಳದ ಕೇಳದ ಮಾಡಿದ್ರಲ್ಲ, ಅದು ಚೊಲೊ," ಎಂದಳು. ಅಷ್ಟೇ ಅಂದದ್ದು. ಆ ಮಾತು ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ಆಕೆಗೇನು ಗೊತ್ತು!

ಮೆಣಸಿನಕಾಯಿ ಹಂಗಾಮು ಶುರುವಾದ ಮೇಲೆ ಶಾಲೆಯಲ್ಲಿ ಒಂದು ಸುದ್ದಿ ಹಬ್ಬಿತು. ಅಧ್ಯಕ್ಷರು ಮೌಲ್ಯ ಶಿಕ್ಷಣದ ಪಿರಿಯಡ್ ತೆಗೆದು ಗಣಿತಕ್ಕೆ ಕೊಡುವವರಿದ್ದಾರಂತೆ. ಒಂದು ಸಲ ತಾವೇ ಬಂದು ನೋಡಿ ತೀರ್ಮಾನ ಮಾಡುತ್ತಾರಂತೆ. ಅಧ್ಯಕ್ಷರೆಂದರೆ ಮಲ್ಲೇಶಪ್ಪ ಸಾಹುಕಾರರು. ಮೆಣಸಿನಕಾಯಿ ದಲಾಲಿ ಅಂಗಡಿಯವರು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಊರಲ್ಲಿ ಶಾಲೆ ನಡೆಸುವ ಸಂಸ್ಥೆಗೆ ಅವರೇ ಮುಖ್ಯಸ್ಥರು. ಮಧ್ಯಾಹ್ನ ಊಟವಾದ ಮೇಲೆ ಮೆಣಸಿನಕಾಯಿ ಚೀಲದ ಮೇಲೆಯೇ ತಲೆಯಿಟ್ಟು ನಿದ್ದೆ ಮಾಡುವ ಮನುಷ್ಯ. ಅವರ ಮೂಗು ಯಾವ ಘಾಟನ್ನೂ ಲೆಕ್ಕಕ್ಕಿಡುವುದನ್ನು ಎಂದೋ ಬಿಟ್ಟಿತ್ತು.

ಅವರು ಬಂದದ್ದು ಒಂದು ಶನಿವಾರ, ಅದೂ ಹೇಳದೆ ಕೇಳದೆ.

ಒಂಬತ್ತನೇ ಬಿ ವರ್ಗದ ಕಿಟಕಿಗೆ ಹತ್ತಿಕೊಂಡೇ ಮುದುಕವ್ವನ ಹಿತ್ತಲು. ಮುದುಕವ್ವ ಖಾರಪುಡಿ ಕುಟ್ಟಿ ಮಾರುವವಳು. ಆಕೆ ಮೆಣಸಿನಕಾಯಿ ಹುರಿಯುವುದು ಆ ವರ್ಗಕ್ಕೆ ಹೊಸದೇನಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಹುಟ್ಟಿದಾಗಿನಿಂದ ಅದರ ಗಾಳಿ ಕುಡಿದು ಬೆಳೆದ ಹುಡುಗರು ಸೀನುವುದೂ ಇಲ್ಲ. ಆದರೆ ಅವತ್ತು ಯಾರೋ ಖಾರ ಜಾಸ್ತಿ ಇರಲಿ ಎಂದು ಕೇಳಿದ್ದರಿಂದ ಮುದುಕವ್ವನ ಕಡಾಯಿಯಲ್ಲಿ ಇದ್ದದ್ದು ಗುಂಟೂರು ಕಾಯಿ. ಗಾಳಿಯೂ ಶಾಲೆಯ ಕಡೆಗೇ ಬೀಸುತ್ತಿತ್ತು.

ಆ ವಾರದ ಗುಣ ಸಮಯ ಪಾಲನೆ. ನಿರ್ಮಲಾ ಓದುತ್ತಿದ್ದಳು: "ಸೋಮುವಿನ ಮನೆಯ ಗೋಡೆಯ ಮೇಲೆ ಒಂದು ಗಡಿಯಾರವಿತ್ತು. ಒಂದು ದಿನ ಸೋಮು ಅದಕ್ಕೆ ಕೀಲಿ ಕೊಡುವುದನ್ನು ಮರೆತನು..." ಅಷ್ಟರಲ್ಲಿ ಮುಂದಿನ ಬೆಂಚಿನಲ್ಲಿ ಒಬ್ಬಳು ಕಣ್ಣು ಒರೆಸಿಕೊಂಡಳು. ಅವಳ ಹಿಂದಿನವಳು ಮೂಗಿನ ನೀರು ಒಳಗೆಳೆದುಕೊಂಡಳು. ವಿಜ್ಯಾನ ಗಲ್ಲದ ಮೇಲೆ ಎರಡೂ ಕಡೆ ನೀರು ಇಳಿಯಿತು. ನೋಡನೋಡುತ್ತ ವರ್ಗಕ್ಕೆ ವರ್ಗವೇ ಬಿಕ್ಕತೊಡಗಿತು. ಓದುವ ನಿರ್ಮಲಾಳ ಕಣ್ಣಿಗೂ ಅಕ್ಷರ ಕಾಣದಾಯಿತು.

ಬಾಗಿಲಲ್ಲಿ ಮಲ್ಲೇಶಪ್ಪ ಸಾಹುಕಾರರು ನಿಂತಿದ್ದರು.

ಎಷ್ಟು ಹೊತ್ತಿನಿಂದ ನಿಂತಿದ್ದರೋ. ತಲೆಯ ಮೇಲಿನ ಬಿಳಿ ಟೋಪಿ ಮೆಲ್ಲಗೆ ತೆಗೆದು ಕೈಯಲ್ಲಿ ಹಿಡಿದರು. "ಯಾವ ಪಾಠ ನಡದೈತಿ?" ಎಂದು ವಿಜ್ಯಾನನ್ನು ಕೇಳಿದರು.

"ಸ... ಸಮಯ ಪಾಲನೆ ರಿ," ಎಂದ ವಿಜ್ಯಾ, ಮೂಗಿನ ನೀರು ತೋಳಿಗೆ ಒರೆಸುತ್ತ.

"ಸಮಯ ಪಾಲನೆಗೆ ಅಳಾಕತ್ತೀರಿ?"

ನಿರ್ಮಲಾ ಬಾಯಿ ತೆರೆದಳು. "ಸರ್, ಹೊರಗ ಮೆಣ..." ಅಷ್ಟಕ್ಕೇ ಕೆಮ್ಮು ಒತ್ತರಿಸಿತು.

"ಬ್ಯಾಡವಾ ತಂಗಿ, ಮಾತಾಡಬ್ಯಾಡ. ನನಗ ತಿಳೀತು." ಸಾಹುಕಾರರ ದನಿಯೇ ತೇವವಾಗಿತ್ತು. ವರ್ಗದ ಕಡೆ ತಿರುಗಿದರು. "ಖರೇ ಹೇಳ್ರಿ. ಟೀಚರ್ ಪಾಠಕ್ಕ ಅತ್ತೀರೇನು?"

ಹುಡುಗರು ನಿರ್ಮಲಾಳ ಮುಖ ನೋಡಿದರು. ಪಿರಿಯಡ್ ಗಣಿತಕ್ಕೆ ಹೋಗುವ ಸುದ್ದಿ ಅವರಿಗೂ ಗೊತ್ತಿತ್ತು. ಮೊದಲು ಎದ್ದು ನಿಂತವಳು ಶಬನಮ್. "ಹೌದ್ರಿ," ಎಂದಳು. ಅವಳ ಹಿಂದೆ ಇಡೀ ವರ್ಗ ಎದ್ದು, "ಹೌದ್ರೀ ಸರ್," ಎಂದು ರಾಗ ಎಳೆಯಿತು.

ಸಾಹುಕಾರರು ಟೋಪಿಯನ್ನು ಎದೆಗೆ ಒತ್ತಿಕೊಂಡು ಹೋದರು. ಅವರು ಮೂಲೆ ತಿರುಗಿದ್ದೇ ತಡ, ಕಿಟಕಿಯ ಆಚೆಯಿಂದ ಮುದುಕವ್ವ ಕೂಗಿದಳು: "ಯವ್ವಾ ಟೀಚರ್, ಗುಂಟೂರು ಹುರಿಯಾಕತ್ತೇನಿ, ಕಿಟಕಿ ಹಾಕ್ಕೋರೆ!"

ವರ್ಗವೆಲ್ಲ ಅಳುತ್ತಲೇ ನಕ್ಕಿತು. ನಿರ್ಮಲಾ ಕಿಟಕಿ ಹಾಕಿದಳು. ಈಗಲೇ ಓಡಿಹೋಗಿ ಹೇಳಬೇಕು ಅಂದುಕೊಂಡಳು. ಗಂಟೆ ಹೊಡೆಯಿತು. ಸೋಮವಾರ ಹೇಳಿದರಾಯಿತು ಅಂದುಕೊಂಡಳು.

ಸೋಮವಾರದ ಹೊತ್ತಿಗೆ ಆ ಮಾತು ಆಕೆಗಿಂತ ಮುಂದೆ ಹೋಗಿತ್ತು. ಪ್ರಾರ್ಥನೆಯಲ್ಲಿ ಹೆಡ್‌ಮಾಸ್ತರು ಆಕೆಯ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ಪಿರಿಯಡ್ ಗಣಿತಕ್ಕೆ ಹೋಗುವ ಮಾತೇ ಇಲ್ಲವಂತೆ. ಅಷ್ಟಕ್ಕೇ ನಿಂತಿದ್ದರೆ ನಿರ್ಮಲಾ ಮನಸ್ಸಿಗೆ ಏನೋ ಸಮಾಧಾನ ಹೇಳಿಕೊಳ್ಳುತ್ತಿದ್ದಳೇನೋ. ಆದರೆ ಸಾಹುಕಾರರು ಹಾವೇರಿಯಲ್ಲಿ ಮೂರೂ ಶಾಲೆಗಳ ಶಿಕ್ಷಕರ ಸಭೆ ಕರೆದರು. ಅಲ್ಲಿ ನಿರ್ಮಲಾ ಟೀಚರ್ ತನ್ನ ಹುಡುಗರನ್ನೇ ಕೂಡಿಸಿಕೊಂಡು ಅದೇ ಪಾಠ ಮಾಡಿ ತೋರಿಸಬೇಕು. ಉಳಿದವರು ನೋಡಿ ಕಲಿಯಬೇಕು.

ರಾಣೇಬೆನ್ನೂರಿನ ಶಾಲೆಯಿಂದ ಹಲಗೇರಿ ಟೀಚರ್ ಎಂಬುವವರ ಫೋನು ಬಂತು. "ನಿರ್ಮಲಾ ಅವರ, ನಾ ಶಿಸ್ತಿನ ಪಾಠ ಮಾಡಿದ್ರ ಹುಡುಗ್ರು ಆಕಳಿಸ್ತಾವು ನೋಡ್ರಿ. ನಿಮ್ಮದು ಯಾವ ಪದ್ಧತಿ?"

"ಪದ್ಧತಿ ಅಂತ ಏನೂ ಇಲ್ಲರಿ," ಎಂದಳು ನಿರ್ಮಲಾ. ಅಕ್ಷರಶಃ ಸತ್ಯ.

"ಅಬಬಾ, ಎಷ್ಟು ಸಣ್ಣ ಮಾಡ್ಕೊಂಡು ಹೇಳ್ತೀರಿ! ನಾ ಮುಂದಿನ ಸಾಲಿನ್ಯಾಗ ಕುಂದರಾಕಿ, ನೋಡ್ರಿ."

ಮನೆಯಲ್ಲಿ ಅವ್ವ ಸಿದ್ದವ್ವ ಬೇರೆಯದೇ ಹುರುಪಿನಲ್ಲಿದ್ದಳು. ನಿರ್ಮಲಾ ಚಿಕ್ಕವಳಿದ್ದಾಗ ಬೀಗರು ನೆಂಟರು ಬಂದವರೆಲ್ಲ, "ಹುಡುಗಿಗೆ ಮಾತು ಬರ್ತಾವಿಲ್ಲೋ?" ಎಂದು ಕೇಳುತ್ತಿದ್ದರು. ಕೇಳಿದವರಿಗೆಲ್ಲ ಮಗಳ ಪರವಾಗಿ ಉತ್ತರ ಕೊಟ್ಟು ಕೊಟ್ಟು ಸಿದ್ದವ್ವನ ಬಾಯಿ ಎರಡು ಪಾಲು ಬೆಳೆದಿತ್ತು. ಈಗ ಆಕೆ ಓಣಿಯ ನಳದ ಹತ್ತಿರ ಕೊಡ ಇಟ್ಟು ಹೇಳುತ್ತಿದ್ದಳು: "ನನ್ನ ಮಗಳು ಬಾಯಿ ತಗದ್ರ ಮಂದಿ ಕಣ್ಣಾಗ ನೀರು ಬರ್ತಾವ."

"ಅವ್ವಾ," ಎಂದಳು ನಿರ್ಮಲಾ ಒಂದು ಸಂಜೆ, ರೊಟ್ಟಿ ಬಡಿಯುತ್ತಿದ್ದ ತಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು. "ಅದು... ಜನ ಅಂದಂಗ ಅಲ್ಲ."

"ಏನಲ್ಲ?"

"ಅದ, ಹುಡುಗ್ರು ಅತ್ತಿದ್ದು."

ಸಿದ್ದವ್ವ ಕೈ ನಿಲ್ಲಿಸಲಿಲ್ಲ. "ನಿನಗ ಸಣ್ಣಾಕಿ ಇದ್ದಾಗಿಂದ ಇದ ರೋಗ. ಯಾರರೆ ಚೊಲೊ ಅಂದ್ರ ಅದರಾಗ ಹುಳ ಹುಡುಕೂದು. ನಿಮ್ಮಪ್ಪ ಹಾವೇರಿಗೆ ಹೋಗಾಕ ಹೊಸ ಧೋತರ ತಗೊಂಡಾನ, ನೋಡಿಯೇನು?"

ಅಪ್ಪ ಕರಬಸಪ್ಪ ಪಡಸಾಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ಆತನೂ ಮಗಳ ಹಾಗೆಯೇ ಮಾತು ಕಡಿಮೆಯ ಮನುಷ್ಯ. "ಸಾದಾ ಧೋತರ," ಎಂದ ಅಷ್ಟೇ. ಆದರೆ ಮುಖದಲ್ಲಿ ನಗು ತಡೆದುಕೊಳ್ಳಲು ಆಗುತ್ತಿರಲಿಲ್ಲ. ನಿರ್ಮಲಾ ಎದ್ದು ಒಳಗೆ ಹೋದಳು.

ಹಾವೇರಿಯ ಸಭೆ ಹತ್ತಿರ ಬಂದಾಗ ಗಟ್ಟಿ ಮನಸ್ಸು ಮಾಡಿ ಸಾಹುಕಾರರ ಅಂಗಡಿಗೇ ಹೋದಳು. ಬಸ್ಸಿನಲ್ಲಿ ಮೋಟೆಬೆನ್ನೂರಿನ ತನಕ ಬಾಯಿಪಾಠ ಮಾಡಿಕೊಂಡದ್ದು ಅವತ್ತೇ. ಅಂಗಡಿಯ ಮುಂದೆ ಕೆಂಪು ರಾಶಿ. ಅದರ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಸೆರಗು ಮೂಗಿಗೆ ಹಿಡಿದು ನಿಂತಳು.

"ಬಾ ತಂಗಿ, ಬಾ. ಕುಂದ್ರು. ಏ, ಚಾ ತರ್ರೀ!"

"ಸರ್, ಒಂದು ಮಾತು ಹೇಳೂದಿತ್ರಿ."

"ಹೇಳವಾ."

"ಅವತ್ತ ವರ್ಗದಾಗ... ಕಿಟಕಿ ಕಡಿಂದ ಘಾಟು ಬಂದಿತ್ರಿ."

ಸಾಹುಕಾರರು ಒಂದು ಗಳಿಗೆ ಆಕೆಯನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. "ಘಾಟು? ಬ್ಯಾಡಗ್ಯಾಗ?" ರಾಶಿಯಿಂದ ಒಂದು ಹಿಡಿ ಮೆಣಸಿನಕಾಯಿ ಎತ್ತಿ ಹೂವಿನ ಹಾಗೆ ಮೂಗಿಗೆ ಹಿಡಿದುಕೊಂಡರು. "ನಮ್ಮೂರ ಕೂಸು ತೊಟ್ಲದಾಗ ಇದ್ದಾಗ ಈ ಗಾಳಿ ಕುಡದು ಬೆಳಿತೈತಿ ತಂಗಿ. ನೀ ಕರ್ಜಗಿಯಾಕಿ, ನಿನಗ ಗೊತ್ತಿಲ್ಲ. ನಮ್ಮ ಹುಡುಗ್ರು ಬಡದ್ರ ಅಳೂದಿಲ್ಲ, ಮೆಣಸಿನಕಾಯಿಗೆ ಅಳ್ತಾವೇನು? ಅತ್ರ ನಿನ್ನ ಪಾಠಕ್ಕ ಅತ್ತಾವು."

ಗುಂಟೂರು ಎಂಬ ಒಂದು ಶಬ್ದ ಸಾಕಿತ್ತು. ಅದು ಆಕೆಯ ನಾಲಿಗೆಯ ತುದಿಯಲ್ಲೇ ಇತ್ತು.

"ನನಗ ನಿಂದು ತಿಳೀತು," ಎಂದರು ಸಾಹುಕಾರರು, ಮೆತ್ತಗಾಗಿ. "ಹೊಗಳಿಕಿ ಬ್ಯಾಡಂತಿ. ಇದಕ್ಕ ವಿನಯ ಅಂತಾರ. ಇದನ್ನೂ ಹಾವೇರ್ಯಾಗ ಹೇಳ್ತೇನಿ. ನಾ ಓದಿದಾವ ಅಲ್ಲವಾ. ನನ್ನ ಮಕ್ಕಳಿಗೆ ಎಲ್ಲಾ ಕೊಡಿಸೇನಿ. ಚೊಲೊ ಗುಣ ಎಲ್ಲಿ ಸಿಗ್ತೈತಿ ಅಂತ ಗೊತ್ತಿದ್ದಿಲ್ಲ, ಗೊತ್ತಿದ್ರ ಅದನ್ನೂ ಕೊಡಿಸ್ತಿದ್ದೆ. ಅವತ್ತ ನಿನ್ನ ವರ್ಗದಾಗ ನಿಂತಾಗ ಅನಿಸ್ತು, ಇಲ್ಲಿ ಐತಿ ಅಂತ."

ನಿರ್ಮಲಾ ಕೂತಳು. ಚಹಾ ಕುಡಿದಳು. ಅವ್ವನಿಗೆಂದು ಅವರು ಕಟ್ಟಿಸಿ ಕೊಟ್ಟ ಡಬ್ಬಿ ಜಾತಿಯ ಮೆಣಸಿನಕಾಯಿಯ ಪೊಟ್ಟಣ ತೆಗೆದುಕೊಂಡಳು. ಬೀದಿಗೆ ಬಂದ ಮೇಲೆ ಕಣ್ಣಲ್ಲಿ ನೀರು ಬಂತು, ಅದು ಮೆಣಸಿನಕಾಯಿಗಲ್ಲ.

ಸಭೆಯ ದಿನ ಹುಡುಗರನ್ನು ತುಂಬಿಕೊಂಡ ಬಸ್ಸು ಬ್ಯಾಡಗಿಯಿಂದ ಹಾವೇರಿಗೆ ಬಂತು. ಎಂದೂ ಇಲ್ಲದ ಶಿಸ್ತು. ಹುಡುಗಿಯರ ಜಡೆಗೆ ರಿಬ್ಬನ್ನು, ಹುಡುಗರ ತಲೆಗೆ ಎಣ್ಣೆ, ಪ್ರತಿಯೊಬ್ಬರ ಕೈಯಲ್ಲೂ ಮಡಿಸಿದ ಕರ್ಚೀಫು. ನಿರ್ಮಲಾಳಿಗೆ ಅದನ್ನು ಕಂಡು ಅಕ್ಕರೆ ಉಕ್ಕಿತು. ತಾನು ಸ್ವಚ್ಛತೆಯ ಪಾಠ ಓದಿದಾಗ ಒಬ್ಬರೂ ಕರ್ಚೀಫು ತಂದವರಲ್ಲ.

ಸಭಾಂಗಣದ ಪಕ್ಕದ ಕೋಣೆಯಲ್ಲಿ ಹುಡುಗರನ್ನು ಸಾಲು ನಿಲ್ಲಿಸಿದಳು. ವಿಜ್ಯಾನ ಒಂದು ಕಣ್ಣು ಬಾತುಕೊಂಡಿತ್ತು.

"ಕಣ್ಣಿಗೆ ಏನಾತೋ?"

"ಏನಿಲ್ಲರಿ. ಹುಳ ಹೊಕ್ಕಿತ್ರಿ."

ಶಬನಮ್‌ಳ ದುಪ್ಪಟ್ಟಾ ಸರಿ ಮಾಡಲು ನಿರ್ಮಲಾ ಬಗ್ಗಿದಳು. ಬಗ್ಗಿದ್ದೇ ಸೀನು ಬಂತು. ಇನ್ನೊಂದು ಬಂತು. ಶಬನಮ್ ಕರ್ಚೀಫನ್ನು ಬೆನ್ನ ಹಿಂದೆ ಸರಿಸಿದಳು.

"ಏನದು? ತಾ ಇಲ್ಲೆ."

"ಕರ್ಚೀಫ್ ರಿ."

"ಶಬನಮ್."

ಹುಡುಗಿ ತಲೆ ಬಗ್ಗಿಸಿ ಕೈ ಮುಂದೆ ಚಾಚಿದಳು. ಬಿಳಿ ಬಟ್ಟೆಯ ಮಡಿಕೆಯಲ್ಲಿ ಕೆಂಪು ಕಲೆ. ಮೂಸುವುದೇ ಬೇಕಾಗಿರಲಿಲ್ಲ.

"ಗುಂಟೂರು ರಿ," ಎಂದಳು ಶಬನಮ್ ಮೆಲ್ಲಗೆ. "ಅಮ್ಮಿ ಕೆಲಸ ಮಾಡೂ ಅಂಗಳದಾಗ ಬೀಜ ಬಿದ್ದಿದ್ವು. ಎಲ್ಲಾರ ಕರ್ಚೀಫಿಗೂ ತಿಕ್ಕೇವ್ರಿ."

"ಯಾಕ?"

"ನಾವು ಅಳಲಿಲ್ಲಂದ್ರ ನಿಮಗ ಅಪಮಾನ ಆಗ್ತೈತಲ್ರಿ ಟೀಚರ್. ಪಿರಿಯಡ್ಡೂ ಹೋಗ್ತೈತಿ." ಆಕೆ ಈಗ ತಲೆ ಎತ್ತಿದಳು. "ನೀವೇನ್ ಅಂಜಬ್ಯಾಡ್ರಿ. ನೀವು 'ಗಡಿಯಾರ' ಅಂದ ಕೂಡ್ಲೆ ಎಲ್ಲಾರೂ ಕಣ್ಣ ವರಸ್ಕೊಳ್ಳೂದು ಅಂತ ಮಾತಾಗೇತಿ."

"ಕಣ್ಣಿಗೆ ಹತ್ತಿದ್ರ ಏನಾಗ್ತೈತಿ ಗೊತ್ತೈತೇನು ನಿಮಗ?"

"ಗೊತ್ತೈತ್ರಿ," ಎಂದ ವಿಜ್ಯಾ, ಬಾತ ಕಣ್ಣು ಅರಳಿಸಲು ನೋಡುತ್ತ. "ನಾ ಮೊದ್ಲ ಹಚ್ಕೊಂಡು ನೋಡೇನ್ರಿ. ಬಾಳ ಚೊಲೊ ನೀರು ಬರ್ತಾವ್ರಿ. ನಿನ್ನೆ ಸಂಜೀ ಮಟ ಅತ್ತೇನ್ರಿ ಟೀಚರ್!"

ದನಿಯಲ್ಲಿ ಬಹುಮಾನ ಗೆದ್ದವನ ಹೆಮ್ಮೆ.

ಸಿಟ್ಟು ಮಾಡಬೇಕೆಂದರೆ ಯಾರ ಮೇಲೆ? ಅವರ ಮುಖಗಳಲ್ಲಿ ಕಳ್ಳತನದ ಗುರುತೇ ಇರಲಿಲ್ಲ. ಅವ್ವನ ಹಬ್ಬದ ಅಡುಗೆಗೆ ನೀರು ತಂದುಕೊಡಲು ನಿಂತ ಮಕ್ಕಳ ಹಾಗೆ ನಿಂತಿದ್ದರು.

"ಯಾರಿಗೂ ಹೇಳಿಲ್ಲೇನು ಇದನ್ನ?"

"ಇಲ್ಲರಿ," ಎಂದಳು ಶಬನಮ್. "ಚೊಲೊ ಕೆಲಸ ಹೇಳದ ಕೇಳದ ಮಾಡೂದಂತ ನೀವ ಹೇಳೀರಲ್ರಿ."

ಶಾಲೆಗೆ ಸೇರಿದಾಗಿನಿಂದ ತಾನು ಏನು ಕಲಿಸಿದೆ ಎಂದು ಕೇಳಿಕೊಳ್ಳುತ್ತಿದ್ದ ನಿರ್ಮಲಾಳಿಗೆ ಉತ್ತರ ಆ ಕೆಂಪು ಕಲೆಯ ಬಟ್ಟೆಯಲ್ಲಿ ಸಿಕ್ಕಿತು. ಒಬ್ಬರಿಗಾಗಿ ಇನ್ನೊಬ್ಬರು ನಿಲ್ಲುವುದನ್ನು ಕಲಿತಿದ್ದರು, ಕಣ್ಣು ಉರಿಸಿಕೊಳ್ಳುವಷ್ಟು ಕಲಿತಿದ್ದರು. ಅದರ ಜೊತೆಗೇ, ಟೀಚರ್ ಸುಮ್ಮನಿದ್ದರೆ ಸುಳ್ಳೂ ನಡೆಯುತ್ತದೆ ಎಂಬುದನ್ನೂ ಕಲಿತಿದ್ದರು. ಅದನ್ನು ಯಾವ ಪುಸ್ತಕವೂ ಅವರಿಗೆ ಹೇಳಿರಲಿಲ್ಲ. ಆ ಪಾಠ ಮಾಡಿದವಳು ತಾನು.

"ಎಲ್ಲಾ ಇಲ್ಲಿ ಕೊಡ್ರಿ," ಎಂದು ಆಕೆ ಕೈ ಚಾಚುವಷ್ಟರಲ್ಲಿ ಬಾಗಿಲು ತೆರೆಯಿತು. "ಟೀಚರ್, ಕರದ್ರು, ಲಗೂ ಬರ್ರಿ!" ಯಾರೋ ಹುಡುಗರನ್ನು ತಳ್ಳಿಕೊಂಡೇ ವೇದಿಕೆಗೆ ಹತ್ತಿಸಿದರು. ಅಲ್ಲಿ ಬೆಂಚು ಹಾಕಿ ವರ್ಗದ ಹಾಗೇ ಮಾಡಿದ್ದರು. ಹುಡುಗರು ಕೂತರು, ಕರ್ಚೀಫು ಮುಷ್ಟಿಯಲ್ಲಿ.

ಮಲ್ಲೇಶಪ್ಪ ಸಾಹುಕಾರರು ಮೈಕಿನ ಮುಂದಿದ್ದರು. "ನಮ್ಮೂರ ಹುಡುಗ್ರು ಮೆಣಸಿನಕಾಯಿಗೆ ಅಳೂ ಹುಡುಗ್ರಲ್ಲರಿ," ಎನ್ನುತ್ತಿದ್ದರು. "ಅಂಥಾವು ಈಕಿ ಪಾಠಕ್ಕ ಅತ್ತಾವು. ಅದೂ ಯಾವ ಪಾಠ? ಸಮಯ ಪಾಲನೆ! ತಾಯಿ ಪ್ರೀತಿ ಪಾಠ ಮಾಡಿದ್ರ ಏನಾದೀತು, ನೀವ ಹೇಳ್ರಿ!" ಸಭೆ ಚಪ್ಪಾಳೆ ಹೊಡೆಯಿತು. ಮುಂದಿನ ಸಾಲಿನಲ್ಲಿ ಹಲಗೇರಿ ಟೀಚರ್ ಪೆನ್ನು ತೆರೆದು ಕೂತಿದ್ದರು. ಅವರ ಪಕ್ಕದಲ್ಲಿ ಅವ್ವ. ಅವ್ವನ ಪಕ್ಕದಲ್ಲಿ ಅಪ್ಪ, ಹೊಸ ಧೋತರದ ನೆರಿಗೆ ಕೆಡದಂತೆ ಮೊಣಕಾಲ ಮೇಲೆ ಕೈಯಿಟ್ಟು.

ನಿರ್ಮಲಾ ಮೈಕಿನ ಮುಂದೆ ಬಂದಳು. ಪುಸ್ತಕ ತೆರೆದಳು. "ಸೋಮುವಿನ..." ಎಂದದ್ದು ಆಕೆಗೇ ಕೇಳಿಸಲಿಲ್ಲ. ಸಾಹುಕಾರರೇ ಎದ್ದು ಬಂದು ಮೈಕನ್ನು ಬಾಯಿಯ ಹತ್ತಿರ ಬಗ್ಗಿಸಿ, "ಅಂಜಬ್ಯಾಡ ತಂಗಿ," ಎಂದು ಪಿಸುಗುಟ್ಟಿ ಹೋದರು.

"ಸೋಮುವಿನ ಮನೆಯ ಗೋಡೆಯ ಮೇಲೆ ಒಂದು..."

ಮುಂದಿನ ಶಬ್ದ ಅದೇ. ಆಕೆ ಪಕ್ಕಕ್ಕೆ ನೋಡಿದಳು. ಒಂಬತ್ತನೇ ಬಿ ವರ್ಗದ ಕಣ್ಣುಗಳೆಲ್ಲ ಆಕೆಯ ತುಟಿಯ ಮೇಲಿದ್ದವು. ಮುಷ್ಟಿಗಳು ಆಗಲೇ ಎದೆಯ ಮಟ್ಟಕ್ಕೆ ಬಂದಿದ್ದವು. ವಿಜ್ಯಾ ಬಾತ ಕಣ್ಣನ್ನು ಬಿಟ್ಟು ಚೆನ್ನಾಗಿದ್ದ ಕಣ್ಣಿನ ಹತ್ತಿರ ಬಟ್ಟೆ ಹಿಡಿದಿದ್ದ. ಶಬನಮ್ ಸಣ್ಣಗೆ ತಲೆಯಾಡಿಸಿದಳು: ಹೇಳ್ರಿ ಟೀಚರ್, ನಾವು ಅದೇವಿ.

ನಿರ್ಮಲಾ ಪುಸ್ತಕ ಮುಚ್ಚಿದಳು.

"ಕರ್ಚೀಫು ಕೆಳಗ ಹಾಕ್ರಿ," ಎಂದಳು.

ಮೈಕು ಹತ್ತಿರವಿತ್ತು. ಆ ಮಾತು ಸಭಾಂಗಣದ ಹಿಂದಿನ ಗೋಡೆಗೆ ಹೋಗಿ ಬಡಿಯಿತು. ತನ್ನ ದನಿ ಅಷ್ಟು ದೂರ ಹೋಗಬಲ್ಲದು ಎಂದು ಆಕೆಗೆ ಗೊತ್ತಿರಲಿಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಶಬನಮ್ ಮೊದಲು ಮುಷ್ಟಿ ಬಿಚ್ಚಿದಳು. ಒಂದೊಂದಾಗಿ ಬಿಳಿ ಬಟ್ಟೆಗಳು ವೇದಿಕೆಯ ಹಲಗೆಯ ಮೇಲೆ ಬಿದ್ದವು. ವಿಜ್ಯಾನದು ಕೊನೆಗೆ, ಒಲ್ಲದ ಮನಸ್ಸಿನಿಂದ.

"ಕೈ ಮೈಮ್ಯಾಲಿನ ಬಟ್ಟಿಗೆ ವರಸ್ಕೋರಿ. ಕಣ್ಣ ಮುಟ್ಟಬ್ಯಾಡ್ರಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಹಲಗೇರಿ ಟೀಚರ್ ಏನನ್ನೋ ಬರೆದುಕೊಂಡರು. ಸಾಹುಕಾರರು ಇದೂ ಪಾಠದ ಒಂದು ಭಾಗವೇ ಎಂಬಂತೆ ನಗುತ್ತಲೇ ಇದ್ದರು. ಅವ್ವ ಪಕ್ಕದವರಿಗೆ ಏನೋ ಹೇಳಲು ಬಾಯಿ ತೆರೆದಳು; ಅಪ್ಪ ಆಕೆಯ ಮುಂಗೈ ಮುಟ್ಟಿ ಸುಮ್ಮನಾಗಿಸಿದ. ಆತ ಮಗಳನ್ನೇ ನೋಡುತ್ತಿದ್ದ. ಮಾತು ಎಲ್ಲಿ ಬಂದು ಸಿಕ್ಕಿಕೊಳ್ಳುತ್ತದೆ ಎಂಬುದು ಗೊತ್ತಿದ್ದವನು ಆ ಸಭೆಯಲ್ಲಿ ಆತನೊಬ್ಬನೇ.

ನಿರ್ಮಲಾ ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೆಮ್ಮು ಬರಲಿಲ್ಲ, ಈ ಸಲ ನೆಪಕ್ಕೆ ಕೆಮ್ಮೂ ಇರಲಿಲ್ಲ. ಹಿಂದಿನಿಂದ ಯಾವುದೋ ಹುಡುಗಿ, ಶಬನಮ್‌ಳೇ ಇರಬೇಕು, ಹಳೆಯ ಅಭ್ಯಾಸದಂತೆ ಮೆಲ್ಲಗೆ ಅಂದಳು: "ಜೋರ್ ಹೇಳ್ರಿ ಟೀಚರ್."

"ನಮ್ಮ ಸಾಲಿ ಹಿಂದ ಮುದುಕವ್ವ ಅಂತ ಒಬ್ಬಾಕಿ ಇರ್ತಾಳ್ರಿ," ಎಂದಳು ನಿರ್ಮಲಾ, ಜೋರಾಗಿ. "ಅವತ್ತ ಆಕಿ ಕಿಟಕಿ ಕೆಳಗ ಗುಂಟೂರು ಮೆಣಸಿನಕಾಯಿ ಹುರಿಯಾಕತ್ತಿದ್ಲು. ನನ್ನ ಹುಡುಗ್ರು ಅತ್ತಿದ್ದು ಅದಕ್ಕರಿ, ನನ್ನ ಪಾಠಕ್ಕಲ್ಲ."